ಮೂರು ಕೂಗು, ಒಂದು ಕಲ್ಲು

"ಕೆಳಗ ನೋಡಬ್ಯಾಡ್ರಿ, ಸಾಹೇಬ್ರ!"

ಮೇಲಿದ್ದವನು ಹಾಗೆಂದಾಗ ನೋಡದೆ ಇರುವವರು ಯಾರಿದ್ದಾರೆ? ಫೌಜದಾರ ಜಿನಗೊಂಡ ನೋಡಿಯೇಬಿಟ್ಟ.

ನೂರಡಿ ಕೆಳಗೆ ಪೊಲೀಸ್ ಜೀಪು ಬೆಂಕಿಪೊಟ್ಟಣದಷ್ಟು ಕಾಣಿಸಿತು. ಅದರ ಪಕ್ಕದಲ್ಲಿ ಹವಾಲ್ದಾರ ಭೀಮಗೊಂಡ, ಬಂಡೆಯ ಬುಡದಲ್ಲಿ ಬಂಡೆ ಏರುವ ಗುಂಪಿನ ನಾಮದೇವ. ಇಬ್ಬರೂ ಕತ್ತೆತ್ತಿ ತನ್ನನ್ನೇ ನೋಡುತ್ತಿದ್ದರು. ಜಿನಗೊಂಡ ಕಣ್ಣು ಮುಚ್ಚಿ ಬಂಡೆಯನ್ನು ತಬ್ಬಿಕೊಂಡ.

ಉದಗಾಂವದ ಕಬ್ಬಿನ ಹೊಲಗಳ ನಡುವೆ ಹುಟ್ಟಿ ಬೆಳೆದ ಮನುಷ್ಯ ಅವನು. ಆ ಊರಿನಲ್ಲಿ ಎತ್ತರವೆಂದರೆ ಬಣವೆಯ ಎತ್ತರ, ಅಷ್ಟೇ. ಮನೆಯ ಅಟ್ಟಕ್ಕೆ ಏಣಿ ಹಾಕಿದರೂ ಹೆಂಡತಿಯನ್ನು ಕರೆದು ಬುಡ ಹಿಡಿಸುತ್ತಿದ್ದ. ಹದಿನಾರು ವರ್ಷದ ನೌಕರಿಯಲ್ಲಿ ಇಬ್ಬರು ದರೋಡೆಕೋರರನ್ನು ಬರಿಗೈಯಲ್ಲಿ ಹಿಡಿದವನು ಇಲ್ಲಿ ಮಗುವಿನಂತೆ ಕಲ್ಲಿಗೆ ಆತುಕೊಂಡಿದ್ದ. ನೋಡಿದವರು ನಕ್ಕರೆ ನಗಲಿ, ಮರ್ಯಾದೆಯ ಯೋಚನೆ ಮಾಡುವಷ್ಟು ಧೈರ್ಯವೂ ಆಗ ಅವನಲ್ಲಿ ಉಳಿದಿರಲಿಲ್ಲ.

ಅವನ ಸೊಂಟಕ್ಕೆ ನಾರಿನ ಹಗ್ಗ ಬಿಗಿದಿತ್ತು. ಹಗ್ಗದ ಇನ್ನೊಂದು ತುದಿ ಇಪ್ಪತ್ತೈದು ಅಡಿ ಮೇಲೆ, ಅವನನ್ನು ಬಂಡೆ ಹತ್ತಿಸುತ್ತಿದ್ದ ಅಭಯಕುಮಾರನ ಕೈಯಲ್ಲಿತ್ತು.

ಕಾಡಪ್ಪ ಸತ್ತ ದಿನವೂ ಹಗ್ಗದ ಮೇಲಿನ ತುದಿ ಅದೇ ಕೈಯಲ್ಲಿತ್ತು.

ಗಡಹಿಂಗ್ಲಜದಿಂದ ಆಜರಾಕ್ಕೆ ಹೋಗುವ ರಸ್ತೆ ಬಿಟ್ಟು ಎರಡು ಮೈಲಿ ಒಳಗಿರುವ ಈ ಬಂಡೆಗೆ ಸುತ್ತಲಿನವರು ಗಿಧಾಡ ಕಡಾ ಎನ್ನುತ್ತಾರೆ. ರಣಹದ್ದುಗಳು ಕೂರುವ ಕಡಿದಾದ ಬಂಡೆ. ಒಂಬತ್ತು ದಿನದ ಹಿಂದೆ, ಇಚಲಕರಂಜಿಯ ಮಗ್ಗದ ಕೆಲಸಗಾರ ಕಾಡಪ್ಪ ಇದೇ ಬಂಡೆಯಲ್ಲಿ ಹಣೆಗೆ ಕಲ್ಲು ಬಿದ್ದು ಸತ್ತಿದ್ದ.

"ಬಲಗಾಲ ಇನ್ನಷ್ಟು ಮ್ಯಾಲ ಇಡ್ರಿ. ಅಲ್ಲೇ ಒಂದ ಹಾಸು ಸಿಗತೈತಿ, ಹೂಂ, ಅದ! ಈಗ ಆರಾಮ ನಿಂದರ್ರಿ." ಅಭಯಕುಮಾರನ ದನಿ ಮೇಲಿನಿಂದ ಬಂತು. ಚಹಾದಂಗಡಿಯಲ್ಲಿ ಕುಳಿತು ಮಾತಾಡುವವನ ದನಿ.

ಆರಾಮವಾಗಿ ನಿಲ್ಲಲು ಆ ಹಾಸು ಎಷ್ಟಗಲವಿತ್ತು ಅಂತೀರಿ? ಎರಡು ಗೇಣು. ಜಿನಗೊಂಡ ಅದರ ಮೇಲೆ ಎರಡೂ ಪಾದ ಊರಿ, ಎದುರಿನ ಬಿರುಕಿಗೆ ಬೆರಳು ತೂರಿಸಿ ನಿಂತ. ಕಣ್ಣಿನ ಮಟ್ಟದಲ್ಲೇ ಬಂಡೆಯ ಮೇಲೆ ಕಂದು ಕಲೆಯೊಂದಿತ್ತು. ಏನೆಂದು ತಿಳಿಯಲು ಅವನಿಗೆ ಒಂದು ಕ್ಷಣ ಬೇಕಾಯಿತು. ತಿಳಿದ ಮೇಲೆ ಮುಖ ಆಚೆ ಹೊರಳಿಸಿದ.

ಕಾಡಪ್ಪ ನಿಂತ ಜಾಗ ಇದೇ.

*

ಬೆಳಿಗ್ಗೆ ಬುಡದಲ್ಲಿ ಹಗ್ಗ ಕಟ್ಟುವಾಗ ನಾಮದೇವ ಅವನಿಗೆ ಪಾಠ ಹೇಳಿದ್ದ. ನಾಮದೇವ ಕೊಲ್ಹಾಪುರದಲ್ಲಿ ಅಂಗಡಿಗಳ ಬೋರ್ಡು ಬರೆಯುವವನು. ಅಭಯಕುಮಾರ ಬಂಡೆ ಏರುವವರಿಗಾಗಿ ಕಟ್ಟಿದ ಕಡೇಕಪಾರಿ ಮಂಡಳದಲ್ಲಿ ಮೊದಲ ದಿನದಿಂದ ಇದ್ದವನು.

"ಸಾಹೇಬ, ವರೂನ ಧೋಂಡ ಆಲಾ ತರ ವರ ಬಘಾಯಚ ನಾಹೀ." ಮರಾಠಿಯಲ್ಲಿ ಅಂದು, ಫೌಜದಾರನ ಮುಖ ನೋಡಿ ತನ್ನ ಮುರುಕು ಕನ್ನಡಕ್ಕೆ ಇಳಿದಿದ್ದ. "ಮ್ಯಾಲಿಂದ ಕಲ್ಲ ಬಂದ್ರ ಮ್ಯಾಲ ನೋಡಬ್ಯಾಡ್ರಿ. ಕೂಗು ಕೇಳಿದ್ರ ಮಾರಿ ಕಲ್ಲಿಗೆ ಒತ್ತರಿ, ತಲಿ ಒಳಗ ಹಾಕ್ರಿ, ಬಸ್."

"ಏನಂತ ಕೂಗ್ತೀರಿ?"

ನಾಮದೇವ ಆ ದುಃಖದಲ್ಲೂ ಸಣ್ಣಗೆ ನಕ್ಕಿದ್ದ. ಮಂಡಳ ಶುರುವಾದಾಗ ಎಲ್ಲರೂ 'ಧೋಂಡ' ಅಂತಲೇ ಕೂಗಬೇಕೆಂದು ನಿಯಮ ಮಾಡಿದ್ದರಂತೆ. ಮೊದಲ ಸಲ ನಿಜವಾದ ಕಲ್ಲು ಉರುಳಿ ಬಂದಾಗ ನಿಯಮ ಗಾಳಿಗೆ ಹೋಯಿತು. ನಾಮದೇವ ಧೋಂಡ ಅಂದ, ಇಚಲಕರಂಜಿಯ ಯಮನಪ್ಪ ಕಲ್ಲೋ ಅಂದ, ಹಿಮಾಲಯಕ್ಕೆ ಹೋಗಿ ಒಂದು ತಿಂಗಳು ತರಬೇತಿ ಪಡೆದು ಬಂದಿದ್ದ ಅಭಯಕುಮಾರ ರಾಕ್ ಅಂದ, ಗಡಿಯಾರ ರಿಪೇರಿಯ ಮುಲ್ಲಾ ಪತ್ಥರ್ ಅಂದ. ಜೀವಭಯದಲ್ಲಿ ಬಾಯಿ ಯಾರ ನಿಯಮವನ್ನೂ ಕೇಳುವುದಿಲ್ಲ. ಕಡೆಗೆ ನಿಯಮ ಬಿಟ್ಟುಕೊಟ್ಟರು. ಯಾವ ಭಾಷೆಯಲ್ಲಾದರೂ ಕೂಗಲಿ, ಕೂಗು ಕೇಳಿದವ ತಲೆ ತಗ್ಗಿಸಲಿ, ತನ್ನ ಕೆಳಗಿನವನಿಗೆ ತಾನೂ ಕೂಗಿ ಮುಟ್ಟಿಸಲಿ.

ಕಾಡಪ್ಪ ಸತ್ತ ದಿನವೂ ಕೂಗಿದ್ದರು. ಅದರಲ್ಲಿ ಅನುಮಾನವಿಲ್ಲ. ಬುಡದಲ್ಲಿ ಹುಲ್ಲು ಕೊಯ್ಯುತ್ತಿದ್ದ ಮುದುಕಿಯೊಬ್ಬಳು ಮೂರೂ ಕೂಗನ್ನು ಕೇಳಿದ್ದಳು. ಆವತ್ತು ಬಂಡೆಯ ಮೇಲೆ ಎರಡು ಹಗ್ಗಗಳಿದ್ದವು. ಬಲಗಡೆಯ ಹಗ್ಗದಲ್ಲಿ ಮೇಲೆ ಅಭಯಕುಮಾರ, ಕೆಳಗೆ ಕಾಡಪ್ಪ. ಎಡಗಡೆಯದರಲ್ಲಿ ಮೇಲೆ ಯಮನಪ್ಪ, ಕೆಳಗೆ ನಾಮದೇವ. ಮೇಲಿನ ಇಬ್ಬರೂ ಒಂದೇ ಉದ್ದನೆಯ ಹಾಸಿನ ಮೇಲೆ, ಎರಡು ಮಾರು ಅಂತರದಲ್ಲಿ ನಿಂತಿದ್ದರು. ಕಲ್ಲು ಬಂದದ್ದು ಆ ಹಾಸಿನಿಂದ. ರಾಕ್, ಕಲ್ಲೋ, ಧೋಂಡ, ಮೂರು ಬಾಯಿ ಮೂರು ಕೂಗು ಕೂಗಿದವು.

ಎಂಟು ತಿಂಗಳು ಬಂಡೆ ಏರಿದ ಕಾಡಪ್ಪ ತಲೆ ತಗ್ಗಿಸಲಿಲ್ಲ. ಮುಖವೆತ್ತಿ ಮೇಲೆ ನೋಡಿದ. ಪೆಟ್ಟು ನೆತ್ತಿಯ ಮೇಲಿರಲಿಲ್ಲ, ಹಣೆಯ ನಟ್ಟನಡುವೆ ಇತ್ತು.

ಈ ಹಣೆಯ ಗಾಯವೇ ಜಿನಗೊಂಡನಿಗೆ ನಿದ್ದೆ ಕೆಡಿಸಿತ್ತು. ಅದನ್ನು ಬೆನ್ನತ್ತಿ ಅವನು ಮೂರು ದಿನದ ಹಿಂದೆ ಇಚಲಕರಂಜಿಗೆ ಹೋಗಿದ್ದ.

*

ಕಾಡಪ್ಪ ದುಡಿಯುತ್ತಿದ್ದ ಶೆಡ್ಡು ಬಾಪೂಸಾಹೇಬರದು, ಅಂದರೆ ಅಭಯಕುಮಾರನ ತಂದೆಯದು. ನಲವತ್ತು ಮಗ್ಗಗಳು ಒಟ್ಟಿಗೆ ಬಡಿಯುತ್ತಿದ್ದವು. ಒಳಗೆ ಕಾಲಿಟ್ಟ ಜಿನಗೊಂಡ ತನ್ನ ಮಾತು ತನಗೇ ಕೇಳಿಸದೆ ಪೆಚ್ಚಾದ. ಇನ್ನೂ ವಿಚಿತ್ರವೆಂದರೆ, ಅವನು ಯಾರನ್ನು ಮಾತಾಡಿಸಿದರೂ ಅವರು ಅವನ ಕಣ್ಣು ನೋಡುತ್ತಿರಲಿಲ್ಲ. ಬಾಯಿ ನೋಡುತ್ತಿದ್ದರು.

ಮಗ್ಗಗಳ ದುರಸ್ತಿ ನೋಡುವ ಮುದಿ ಜಾಬರ ಅವನನ್ನು ಹೊರಗೆ ಕರೆತಂದು ಬಿಡಿಸಿ ಹೇಳಿದ.

"ಒಳಗ ಯಾರೂ ಒದರಂಗಿಲ್ರಿ, ಸಾಹೇಬ್ರ. ಒದರಿ ಏನ ಮಾಡೂದೈತಿ? ಹತ್ತ ವರ್ಷ ಈ ಗದ್ದಲದಾಗ ನಿಂತವಂಗ ಹೊರಗ ಬಂದ್ರೂ ಕೇಳಂಗಿಲ್ಲ. ತುಟಿ ನೋಡಿ ತಿಳಕೋತೇವಿ. ಹಿಂದಿಂದ ಕರೀಬೇಕಂದ್ರ ಹೆಗಲಿಗೆ ಒಮ್ಮಿ ತಟ್ಟೂದು. ಒಮ್ಮಿ ತಟ್ಟಿದ್ರ, ನನ್ನ ಬಾಯಿ ನೋಡು ಅಂತ."

"ಮತ್ತ ಅಪಾಯ ಬಂದ್ರ?"

"ಒಮ್ಮೊಮ್ಮಿ ಮಗ್ಗದಾಗಿನ ಲಾಳಿ ಹಾರಿ ಹೊರಗ ಬೀಳತೈತ್ರಿ. ತುದಿಗೆ ಕಬ್ಬಿಣ ಇರತೈತಿ, ಕಣ್ಣಿಗೆ ಬಡದ್ರ ಕಣ್ಣ ಹೋತು. ಆವಾಗ ಎರಡ ಸಲ ತಟ್ಟಿ, ಮೂರನೇದಕ್ಕ ಒತ್ತಿ ಹಿಡಿಯೂದು. ತಲಿ ಬಗ್ಗಸು, ಮ್ಯಾಲ ನೋಡಬ್ಯಾಡ ಅಂತ ಅದರ ಅರ್ಥ."

ಜಿನಗೊಂಡ ಅಲ್ಲಿಂದ ನೆಟ್ಟಗೆ ಕಾಡಪ್ಪನ ಹೆಂಡತಿ ಚೆನ್ನವ್ವನ ಮನೆಗೆ ಹೋದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು.

"ಕೇಳಸ್ತಿದ್ದಿಲ್ರಿ ಅವರಿಗೆ. ನಾಕ ವರ್ಷ ಆತು, ಗುಡುಗು ಬಡದ್ರೂ ಕೇಳಸ್ತಿದ್ದಿಲ್ಲ. ಗೊತ್ತಾದ್ರ ಕಡಾ ಏರಾಕ ಕರಕೊಂಡ ಹೋಗಂಗಿಲ್ಲಂತ ಮುಚ್ಚಿ ಇಟ್ಟಿದ್ರು. ಆ ಕಡಾದ ಹುಚ್ಚು ಭಾಳ ಇತ್ರಿ ಅವರಿಗೆ. ಅಲ್ಲಿ ಗದ್ದಲ ಇಲ್ಲ, ಗಾಳಿ ಐತಿ ಅಂತಿದ್ರು."

"ಈ ಸಂಗತಿ ಮತ್ತ ಯಾರಿಗೆ ಗೊತ್ತಿತ್ತು, ತಂಗೀ?"

"ನನ್ನ ತಮ್ಮ ಯಮನಪ್ಪಗ ಒಬ್ಬಂಗ. ಇಬ್ಬರೂ ಯಾವಾಗಲೂ ಒಂದ ಹಗ್ಗಕ್ಕ ಕಟಗೋತಿದ್ರು. ಅವ ಹಗ್ಗಾ ಜಗ್ಗಿ ಸನ್ನಿ ಮಾಡ್ತಿದ್ದ, ಶೆಡ್ಡಿನಾಗ ತಟ್ಟತಾರಲ್ರಿ, ಹಂಗ."

ಅಷ್ಟೇ ಸಾಕಾಯಿತು ಜಿನಗೊಂಡನಿಗೆ. ಕೂಗಿ ಪ್ರಯೋಜನವಿಲ್ಲವೆಂದು ಬಲ್ಲವನೊಬ್ಬನೇ ಕಲ್ಲುರುಳಿಸಿ ಕೂಗಿ ಪಾರಾಗಬಲ್ಲ. ಬಲ್ಲವನು ಯಮನಪ್ಪ. ಘಟನೆಗೆ ಒಂದು ವಾರ ಮೊದಲು ಯಮನಪ್ಪ ಶೆಡ್ಡಿನ ಬಾಗಿಲಲ್ಲಿ ಕಾಡಪ್ಪನ ಅಂಗಿ ಹಿಡಿದು ಜಗಳಾಡಿದ್ದನ್ನು ಹತ್ತು ಜನ ನೋಡಿದ್ದರು. ಜಿನಗೊಂಡ ಅದೇ ಸಂಜೆ ಯಮನಪ್ಪನಿಗೆ ಬೇಡಿ ಹಾಕಿಸಿದ. ಬೇಡಿ ಹಾಕುವಾಗ ಚೆನ್ನವ್ವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಗಂಡನನ್ನು ಕಳೆದುಕೊಂಡ ವಾರದೊಳಗೆ ತನ್ನ ಬಾಯಿಂದಲೇ ತಮ್ಮನನ್ನು ಹಿಡಿಸಿಕೊಟ್ಟ ಹೆಂಗಸಿನ ಮುಖ ನೋಡುವ ಶಿಕ್ಷೆ ಯಾರಿಗೂ ಬೇಡ.

ಯಮನಪ್ಪ ಲಾಕಪ್ಪಿನಲ್ಲಿ ಒಂದೇ ಮಾತು ಹೇಳುತ್ತಿದ್ದ.

"ಆ ದಿನ ಜೋಡಿ ಬದಲ ಮಾಡಿದಾವ ಅಭಯಣ್ಣ, ಸಾಹೇಬ್ರ. ಕಾಡಪ್ಪ ಮಾಮಾ ತನ್ನ ಹಗ್ಗಕ್ಕ ಬರಲಿ ಅಂದ. ನನಗ ಜೀವ ತಡೀಲಿಲ್ಲ. ಬಾಜೂಕ ಕರದ ಹೇಳೀನಿ, ಮಾಮಾಗ ಕೇಳಸಂಗಿಲ್ಲ, ಹಗ್ಗಾ ಒಮ್ಮಿ ಜಗ್ಗಿದ್ರ ನಿನ್ನ ಬಾಯಿ ನೋಡ್ತಾನ, ಎರಡ ಸಲ ಜಗ್ಗಿ ಮೂರನೇದಕ್ಕ ಹಿಡದ್ರ ತಲಿ ಬಗ್ಗಸ್ತಾನ ಅಂತ. ಆ ಜಗಳನೂ ಅದ ಸಂಬಂಧ ಆಗಿದ್ದು. ಆ ಕಿವಿ ಇಟಗೊಂಡ ಕಡಾ ಏರಬ್ಯಾಡ ಅಂದಿದ್ದೆ. ಕಲ್ಲ ಹೆಂಗ ಉರುಳಿತು ನಾ ಕಾಣಲಿಲ್ಲ, ಕೆಳಗ ನಾಮದೇವನ ಹಗ್ಗಾ ನೋಡಾಕತ್ತಿದ್ದೆ."

ಅಭಯಕುಮಾರ ಸಾಫ್ ಇಲ್ಲ ಅಂದ. ತನಗೆ ಯಮನಪ್ಪ ಏನೂ ಹೇಳಿಲ್ಲ ಅಂದ. ನಾಮದೇವ ಆಗ ನೀರು ತರಲು ಹೋಗಿದ್ದ, ಹುಲ್ಲಿನ ಮುದುಕಿ ದೂರವಿದ್ದಳು. ಒಬ್ಬ ಮಗ್ಗದವ ಒಂದು ಕಡೆ, ಸಾವಕಾರರ ಮಗ ಇನ್ನೊಂದು ಕಡೆ. ಯಾರ ಮಾತು ನಡೆಯುತ್ತದೆಂದು ಫೌಜದಾರನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕಾಗದಪತ್ರಗಳು ಸಿದ್ಧವಾಗಿದ್ದವು. ಕೋರ್ಟು ಕೊಟ್ಟ ಕಸ್ಟಡಿ ಮುಗಿಯುತ್ತದೆ, ನಾಳೆ ಹನ್ನೊಂದಕ್ಕೆ ಯಮನಪ್ಪನನ್ನು ಮತ್ತೆ ಕೋರ್ಟಿಗೆ ಒಯ್ಯಬೇಕು. ಕೊಲೆಯ ಆರೋಪ, ಜಿನಗೊಂಡನದೇ ಅಕ್ಷರ.

ಆದರೆ ನಿನ್ನೆ ಮಧ್ಯಾಹ್ನ ಚೆನ್ನವ್ವ ಬಸ್ಸು ಹಿಡಿದು ಗಡಹಿಂಗ್ಲಜದ ಚೌಕಿಗೆ ಬಂದಿದ್ದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಸಾಹೇಬ್ರ, ಒಂದ ಮಾತ ಮರತಿದ್ದೆ. ಸಾಯೂ ಮುಂಚಿನ ದಿನಾ ಅವರು ಮನಿಗಿ ಬಂದ ಉಣ್ಣಲಿಲ್ಲ. ಅಭಯಕುಮಾರ ಆಫೀಸಿನ ಕಾಜಿನ ಕಿಡಕಿ ಹಿಂದ ಯಾರ ಕೂಡೋ ಮಾತಾಡಾಕತ್ತಿದ್ದ, ಅವನ ಮಾತ ನಾ ಕಣ್ಣಿಂದ ಕೇಳೀನಿ, ಅವ ಹೊಳ್ಳಿ ನನ್ನ ನೋಡಿದ ಅಂದ್ರು. ಏನಂದ ಅಂದ್ರ ಹೇಳಲಿಲ್ಲ. ಕಡಾ ಇಳದ ಬಂದ ಹೇಳ್ತೇನಿ, ಭಾಳ ಕೆಟ್ಟ ಮಾತೈತಿ ಅಂದ್ರು."

ಕಡಾ ಇಳಿದದ್ದು ಹೆಣ. ಮಾತು ಅದರೊಂದಿಗೇ ಹೋಗಿತ್ತು.

ಆ ರಾತ್ರಿಯೆಲ್ಲ ಜಿನಗೊಂಡ ಹೊರಳಾಡಿದ. ತಾನು ಹಿಡಿದದ್ದು ತಪ್ಪು ಮನುಷ್ಯನನ್ನೇ? ಬೆಳಿಗ್ಗೆ ಎದ್ದವನೇ ಅಭಯಕುಮಾರನಿಗೆ ಹೇಳಿಕಳಿಸಿದ. ಜಾಗ ನೋಡಬೇಕು, ಕಾಡಪ್ಪ ನಿಂತಲ್ಲಿ ನಿಂತು ನೋಡಬೇಕು, ಮೇಲೆ ಹತ್ತಿಸುತ್ತೀರಾ?

"ಅವಶ್ಯ, ಸಾಹೇಬ್ರ," ಅಂದಿದ್ದ ಅಭಯಕುಮಾರ. ಬೇಡ ಅನ್ನುವುದಾದರೂ ಹೇಗೆ?

*

ಗಾಳಿ ಬೀಸಿತು. ಬಂಡೆಯ ತುದಿಯಲ್ಲಿ ಮುಸುವಗಳ ಹಿಂಡೊಂದು ಕೂಗಾಡುತ್ತಿತ್ತು. ಜಿನಗೊಂಡ ಮೇಲಕ್ಕೆ ಕೂಗಿ ಕೇಳಿದ.

"ಅಭಯಕುಮಾರ, ಆ ದಿನಾ ನೀವ ಈಗ ನಿಂತಲ್ಲೇ ನಿಂತಿದ್ರಿ?"

"ಹೌದ್ರಿ. ಇಲ್ಲೇ. ಯಮನಪ್ಪ ಅತ್ತಾಗ, ಎಡಕ್ಕ."

ಜಿನಗೊಂಡ ನಿಧಾನಕ್ಕೆ ಕತ್ತೆತ್ತಿದ. ಅಭಯಕುಮಾರ ಕಾಣಲಿಲ್ಲ. ಬಂಡೆ ಅಲ್ಲಿ ಹೊಟ್ಟೆ ಉಬ್ಬಿಸಿಕೊಂಡು ಮುಂದೆ ಚಾಚಿತ್ತು. ಉಬ್ಬಿನ ಮೇಲಿಂದ ಹಗ್ಗ ಮಾತ್ರ ಇಳಿದು ಬಂದಿತ್ತು.

"ನೀವ ಕಾಣವಲ್ಲಿರಿ ನನಗ."

"ಬಗ್ಗಿದ್ರ ಕಾಣತೇನ್ರಿ." ಉಬ್ಬಿನ ಅಂಚಿನಲ್ಲಿ ಅಭಯಕುಮಾರನ ಮುಖ ಮೂಡಿತು. ಮೂವತ್ತರ ಆಸುಪಾಸಿನ ಚೆಲುವಾದ ಮುಖ, ಹಣೆಯ ಮೇಲೆ ಬೆವರೂ ಇಲ್ಲ. ಒಂದು ಕ್ಷಣ ನಕ್ಕು ಮತ್ತೆ ಮರೆಯಾಯಿತು.

ಜಿನಗೊಂಡ ಲೆಕ್ಕ ಹಾಕಿದ. ಕಿವುಡನಿಗೆ ಕೂಗು ಕೇಳಿಸಲಿಲ್ಲ. ಉಬ್ಬಿನಿಂದಾಗಿ ಕಲ್ಲು ಹೊರಟದ್ದೂ ಕಾಣಿಸಲಿಲ್ಲ. ಹಾಗಾದರೆ ಕಾಡಪ್ಪ ಸರಿಯಾಗಿ ಅದೇ ಕ್ಷಣಕ್ಕೆ ಯಾಕೆ ಮೇಲೆ ನೋಡಿದ? ಯಾರೋ ಅವನನ್ನು ಕರೆದಿದ್ದರು. ಕಿವಿಗೆ ಕೇಳದವನನ್ನು ಕರೆಯಲು ಅಲ್ಲಿದ್ದದ್ದು ಒಂದೇ ದಾರಿ.

ಹಗ್ಗ. ಒಂದು ಸಲ ಜಗ್ಗಿದರೆ, ನನ್ನ ಬಾಯಿ ನೋಡು.

ಯಮನಪ್ಪ ಇದ್ದದ್ದು ಬೇರೆ ಹಗ್ಗದಲ್ಲಿ. ಅವನು ಬಯಸಿದರೂ ಕಾಡಪ್ಪನ ಹಗ್ಗ ಅವನ ಕೈಗೆ ಎಟುಕುತ್ತಿರಲಿಲ್ಲ. ಇಷ್ಟು ಸರಳವಾದ ಸಂಗತಿ ತನಗೆ ಇಲ್ಲಿ ಬಂದು ನಿಂತ ಮೇಲೆ ಹೊಳೆಯಬೇಕೆ ಎಂದು ಜಿನಗೊಂಡ ತನ್ನನ್ನೇ ಬೈದುಕೊಂಡ. ಆದರೆ ಕೋರ್ಟು ಇದನ್ನು ಒಪ್ಪಬೇಕಾದರೆ ಅಭಯಕುಮಾರನಿಗೆ ಆ ಸನ್ನೆ ಗೊತ್ತಿತ್ತೆಂದು ತೋರಿಸಬೇಕು.

"ಕಾಡಪ್ಪಗ ಕಿವಿ ಕೇಳಸ್ತಿದ್ದಿಲ್ಲ ಅನ್ನೂದು ನಿಮಗ ಖರೇನ ಗೊತ್ತಿದ್ದಿಲ್ಲ?"

"ದೇವರಾಣೆ ಗೊತ್ತಿದ್ದಿಲ್ರಿ. ಗೊತ್ತಿದ್ದಿದ್ರ ಅವನ್ನ ಹಗ್ಗಕ್ಕ ಕಟ್ಟತಿದ್ನ್ಯಾ?"

"ಯಮನಪ್ಪ ಯಾವುದೋ ಸನ್ನಿ ಅಂತಾನ."

"ಎಂಥಾ ಸನ್ನಿ? ನಮ್ಮ ಮಂಡಳದಾಗ ಕೂಗೂದ ಒಂದ, ಬ್ಯಾರೆ ಏನೂ ಇಲ್ಲ."

"ಶೆಡ್ಡಿನಾಗ ಏನೋ ಇರತೈತಂತ?"

"ಶೆಡ್ಡಿನೊಳಗ ನಾ ಕಾಲ ಇಡಂಗಿಲ್ರಿ, ಸಾಹೇಬ್ರ. ಆಫೀಸ ಬಿಟ್ಟ ನನಗೇನೂ ತಿಳಿಯಂಗಿಲ್ಲ."

ಇಲ್ಲಿಗೆ ನಿಲ್ಲಿಸಿದ್ದರೆ ಜಿನಗೊಂಡ ಜಾಣನೆನಿಸುತ್ತಿದ್ದ. ಮುಂದಿನ ಪ್ರಶ್ನೆಯನ್ನು ನೆಲದ ಮೇಲೆ ನಿಂತು, ಭೀಮಗೊಂಡನನ್ನು ಪಕ್ಕದಲ್ಲಿಟ್ಟುಕೊಂಡು ಕೇಳಬೇಕೆಂದು ಬೆಳಿಗ್ಗೆಯೇ ನಿರ್ಧರಿಸಿದ್ದ. ಭಯ ಕೆಲವರ ಬಾಯಿ ಕಟ್ಟುತ್ತದೆ, ಕೆಲವರ ಬಾಯಿ ಬಿಚ್ಚುತ್ತದೆ. ನಮ್ಮ ಫೌಜದಾರ ಎರಡನೆಯ ಜಾತಿ.

"ಹಂಗಾರ, ಅವ ಸಾಯೂ ಮುಂಚಿನ ದಿನಾ ಆಫೀಸಿನ ಕಾಜಿನ ಹಿಂದ ಯಾರ ಕೂಡ ಮಾತಾಡಾಕತ್ತಿದ್ರಿ?"



ಮುಸುವಗಳ ಗದ್ದಲವಷ್ಟೇ ಕೇಳುತ್ತಿತ್ತು. ಜಿನಗೊಂಡ ಹಗ್ಗವನ್ನೇ ನೋಡುತ್ತಿದ್ದ. ಅಷ್ಟು ಹೊತ್ತು ಸಣ್ಣಗೆ ಅಲುಗಾಡುತ್ತಿದ್ದ ಹಗ್ಗ ಈಗ ನಿಶ್ಚಲವಾಗಿತ್ತು. ತಾನು ಕೇಳಬಾರದ್ದನ್ನು ಕೇಳಬಾರದ ಜಾಗದಲ್ಲಿ ಕೇಳಿದೆನೆಂದು ಅವನಿಗೆ ಆಗ ಅರಿವಾಯಿತು. ಮನೆಯಲ್ಲಿ ಹೆಂಡತಿ ಜಿನಮತಿ ಈ ಹೊತ್ತಿಗೆ ಬಸದಿಯಿಂದ ಬಂದಿರುತ್ತಾಳೆ ಎಂಬುದು ಸುಮ್ಮಸುಮ್ಮನೆ ನೆನಪಾಯಿತು.

"ಯಾರಿದ್ರು, ನೆನಪಿಲ್ಲ ಬಿಡ್ರಿ. ದಿನಾ ಹತ್ತ ಮಂದಿ ಬರ್ತಾರ." ಅಭಯಕುಮಾರನ ದನಿ ಕೊನೆಗೂ ಬಂತು. ಅದು ಮೊದಲಿನ ದನಿಯಾಗಿರಲಿಲ್ಲ. "ಯಾಕ ಕೇಳಿದ್ರಿ?"

"ಸುಮ್ಮನ. ಸುಮ್ಮನ ಕೇಳಿದೆ." ಜಿನಗೊಂಡ ಗಡಿಬಿಡಿಯಿಂದ ಜೇಬಿಗೆ ಕೈ ಹಾಕಿದ. "ಒಂದ ಕೆಲಸ ಉಳದೈತಿ, ಮುಗಿಸಿ ಇಳಿಯೂಣು. ನಾ ಕಿವಿಗೆ ಅರಳಿ ಇಟಗೋತೇನಿ. ನೀವ ಆ ದಿನಾ ಕೂಗಿದಷ್ಟ ಜೋರಿನಿಂದ ಕೂಗ್ರಿ. ಕಿವುಡಗ ಏನ ಗೊತ್ತಾಗತೈತಿ ನೋಡೂಣು. ರಿಪೋರ್ಟಿಗೆ ಬೇಕ."

ಆಸ್ಪತ್ರೆಯ ಕಂಪೌಂಡರನಿಂದ ತಂದ ಹತ್ತಿ, ಅದಕ್ಕೆ ಸವರಿದ ಜೇನುಮೇಣ. ಒಂದು ಕೈಯಿಂದ ಬಿರುಕು ಹಿಡಿದೇ ಒಂದೊಂದಾಗಿ ಎರಡೂ ಕಿವಿಗೆ ಒತ್ತಿಕೊಂಡ. ಗಾಳಿ ನಿಂತಿತು. ಮುಸುವಗಳು ನಿಂತವು. ಲೋಕವೆಲ್ಲ ಬಾಗಿಲು ಹಾಕಿಕೊಂಡಂತಾಯಿತು. ತನ್ನ ಉಸಿರೊಂದು ತಲೆಯೊಳಗೆ ಬುಸುಗುಟ್ಟುತ್ತಿತ್ತು.

ಕಾಡಪ್ಪ ನಾಲ್ಕು ವರ್ಷ ಬದುಕಿದ್ದು ಇದರಲ್ಲಿ. ಜಿನಗೊಂಡನಿಗೆ ಆ ಮನುಷ್ಯನ ಮೇಲೆ ತಡೆಯಲಾರದಷ್ಟು ಮರುಕ ಹುಟ್ಟಿತು. ಅದರ ಬೆನ್ನಿಗೇ ಹೆದರಿಕೆ, ಇನ್ನೂ ದೊಡ್ಡದಾಗಿ ಬಂತು. ಈಗ ಮೇಲಿನವನು ಏನು ಮಾಡಿದರೂ ತನಗೆ ಕೇಳಿಸುವುದಿಲ್ಲ.

ಒಂದು ಸಲ ಜಗ್ಗಿದರೆ ನೋಡಬಾರದು ಎಂದುಕೊಂಡ. ಏನೇ ಆಗಲಿ, ಮೇಲೆ ನೋಡಬಾರದು.

ಅಭಯಕುಮಾರ ಕೂಗಿದನೋ ಇಲ್ಲವೋ ತಿಳಿಯಲಿಲ್ಲ. ಹೊತ್ತು ಸರಿಯಿತು. ಎಷ್ಟು ಹೊತ್ತು? ಅವನ ಲೆಕ್ಕಕ್ಕೆ ಸಿಗಲಿಲ್ಲ.

ಹಗ್ಗ ಜಗ್ಗಿತು.

ಸೊಂಟದಲ್ಲಿ ಆ ಒಂದು ಎಳೆತ ಬಿದ್ದೊಡನೆ ಜಿನಗೊಂಡನ ಕತ್ತು ತಾನಾಗಿಯೇ ಮೇಲಕ್ಕೆ ಹೊರಳಲು ಹವಣಿಸಿತು. ಯಾರೇ ಆಗಲಿ, ಎಳೆದರೆ ನೋಡುತ್ತಾರೆ. ಹಲ್ಲು ಕಚ್ಚಿ ಕತ್ತನ್ನು ತಡೆದ.

ಹಗ್ಗ ಎರಡನೆಯ ಸಲ ಜಗ್ಗಿತು.

ಮೂರನೆಯ ಸಲ ಎಳೆದು, ಬಿಡಲೇ ಇಲ್ಲ. ಬಿಗಿಯಾಗಿ ಹಿಡಿದುಕೊಂಡಿತು.

ಅವನ ತಲೆ ಅರ್ಥಮಾಡಿಕೊಳ್ಳುವ ಮೊದಲೇ ಮೈ ಅರ್ಥಮಾಡಿಕೊಂಡಿತು. ಮುಖವನ್ನು ಬಂಡೆಗೆ ಒತ್ತಿ, ತಲೆಯನ್ನು ತೋಳುಗಳ ನಡುವೆ ಹುದುಗಿಸಿದ. ಬೆನ್ನಿನ ಹಿಂದೆ ಗಾಳಿ ಸೀಳಿದ್ದು ಚರ್ಮಕ್ಕೆ ತಿಳಿಯಿತು. ಏನೋ ಅವನ ಹೆಗಲ ಅಂಗಿಯನ್ನು ಹರಿದುಕೊಂಡು ಕೆಳಗೆ ಹೋಯಿತು. ಮುಖದ ತುಂಬ ಮಣ್ಣು ಸುರಿಯಿತು.

ಎಷ್ಟೋ ಹೊತ್ತಿನ ಮೇಲೆ ಕಣ್ಣು ತೆರೆದ. ಬದುಕಿದ್ದ. ಒಂದು ಕಿವಿಯ ಹತ್ತಿ ಕಿತ್ತ. ಕೆಳಗಿನಿಂದ ನಾಮದೇವನ ಕೂಗು ಇನ್ನೂ ಬರುತ್ತಿತ್ತು, "ಧೋಂಡ! ಧೋಂಡ!" ಬಂಡೆಯ ತುದಿಯಲ್ಲಿ ಮುಸುವಗಳು ಚೆಲ್ಲಾಪಿಲ್ಲಿಯಾಗಿ ಓಡುತ್ತಿದ್ದವು. ಕಲ್ಲುರುಳಿಸಿದವು ಅವೇ ಇರಬೇಕು. ಈ ಕಲ್ಲು ಯಾರೂ ತಳ್ಳಿದ್ದಾಗಿರಲಿಲ್ಲ.

ಕಿವಿ ಮುಚ್ಚಿಕೊಂಡವನನ್ನು ಉಳಿಸಬೇಕೆಂದು ಅಭಯಕುಮಾರನ ಕೈಗೆ ತೋಚಿದ್ದು ಅದೊಂದೇ. ತನಗೆ ಗೊತ್ತೇ ಇಲ್ಲವೆಂದು ಈಗಷ್ಟೇ ಆಣೆ ಇಟ್ಟು ಹೇಳಿದ ಸನ್ನೆ. ಎರಡು ಎಳೆತ, ಒಂದು ಹಿಡಿತ, ಯಮನಪ್ಪ ಹೇಳಿದಂತೆಯೇ, ಕೂದಲೆಳೆಯಷ್ಟೂ ತಪ್ಪಿಲ್ಲದೆ.

ಯಮನಪ್ಪ ಉಳಿದ. ಆ ಸಂತೋಷಕ್ಕೆ ಜಿನಗೊಂಡನ ಕಣ್ಣು ತುಂಬಿ ಬಂತು. ಇನ್ನು ಇಳಿದರೆ ಸಾಕು. ನೆಲ ಮುಟ್ಟಿದರೆ ಸಾಕು, ಆ ಕಾಗದ ಹರಿದು ಹಾಕುತ್ತೇನೆ, ಚೆನ್ನವ್ವನ ತಮ್ಮನನ್ನು ನಾನೇ ಅವಳ ಮನೆಗೆ ಬಿಟ್ಟು ಬರುತ್ತೇನೆ.

"ಸಾಹೇಬ್ರ, ಪೆಟ್ಟಾತೇನ್ರಿ?"

"ಇಲ್ಲ, ಇಲ್ಲ. ಇಳಸರಿ ನನ್ನ."

"ಕಲ್ಲ ಬರೂದು ಗೊತ್ತಾತೇನ್ರಿ ನಿಮಗ?"

ಕೇಳಿದ ರೀತಿ ಮೆತ್ತಗಿತ್ತು. ಜಿನಗೊಂಡ ಎಚ್ಚರಾದ. ತಾನು ಸನ್ನೆ ಕೊಟ್ಟುಬಿಟ್ಟೆನೆಂದು ಮೇಲಿನವನಿಗೂ ಈಗ ಹೊಳೆದಿದೆ.

"ಏನೂ ಗೊತ್ತಾಗಲಿಲ್ರಿ. ಕಿವಿ ಮುಚ್ಚಿದ್ವಲ್ಲ. ಹಗ್ಗದ ಕಡೆ ಲಕ್ಷನ ಇದ್ದಿಲ್ಲ."

ಮೇಲೆ ಅಂಗಿ ಬಂಡೆಗೆ ಉಜ್ಜಿದ ಸದ್ದಾಯಿತು. ಅಭಯಕುಮಾರ ಬಗ್ಗಿ ತನ್ನನ್ನು ನೋಡುತ್ತಿದ್ದಾನೆಂದು ತಲೆಯೆತ್ತದೆಯೂ ತಿಳಿಯಿತು. ಕಲ್ಲು ಹಾದುಹೋಗುವಾಗಲೂ ಹೀಗೆಯೇ ಬಗ್ಗಿ ನೋಡಿದ್ದಿರಬೇಕು.

"ಹಗ್ಗದ ಮಾತ ನಾ ಎತ್ತಲೇ ಇಲ್ಲಲ್ರಿ," ಅಂದ ಅಭಯಕುಮಾರ. ಮತ್ತೆ ಕೇಳಿದ. "ಏನೂ ಗೊತ್ತಾಗದಿದ್ರ ಮಾರಿ ಯಾಕ ಕಲ್ಲಿಗೆ ಒತ್ತಿ ಹಿಡಿದ್ರಿ, ಸಾಹೇಬ್ರ?"

ಜಿನಗೊಂಡ ಬಿರುಕನ್ನು ಇನ್ನೂ ಬಿಗಿಯಾಗಿ ಹಿಡಿದ. ಕೆಳಗೆ ಭೀಮಗೊಂಡ ಬೆಂಕಿಪೊಟ್ಟಣದ ಪಕ್ಕ ನಿಂತು, ಸಾಹೇಬರು ಪಾರಾದರೆಂದು ಖುಷಿಯಿಂದ ಕೈ ಬೀಸುತ್ತಿದ್ದ.

ಸೊಂಟದ ಹಗ್ಗ ಒಂದು ಗೇಣು ಸಡಿಲಾಯಿತು.

ಆಮೇಲೆ ಒಂದೇ ಒಂದು ಸಲ ಜಗ್ಗಿತು.